ಜಠರದ ಸಿಲಿಕೋನ್ ಮಾದರಿ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಕುಮಟಾ ಹತ್ತಿರದ ನಮ್ಮ ಶೆಡ್ಡಿನಲ್ಲಿ ಎಂಡೋಸ್ಕೋಪಿ ಕಲಿಯುವವರಿಗಾಗಿ ಮಾದರಿ ಮಾಡುತ್ತೇವೆ. ಬಾಯಿ, ಗಂಟಲು, ಅನ್ನನಾಳ, ಜಠರ, ಅದರಾಚೆ ಸಣ್ಣ ಕರುಳಿನ ಶುರುವಾದ ಡ್ಯುಯೊಡಿನಂ. ಎಲ್ಲವೂ ಸಿಲಿಕೋನ್. ಹೊಸ ವೈದ್ಯರು ರೋಗಿಯ ಬಾಯಿಗೆ ಸ್ಕೋಪ್ (ತುದಿಯಲ್ಲಿ ಕ್ಯಾಮೆರಾ, ದೀಪ ಇರುವ ಬಾಗುವ ಕೊಳವೆ) ಹಾಕುವ ಮುಂಚೆ ಇದರಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ.

ಮಾದರಿ ಕೊಟ್ಟು ಬಂದ ಮೇಲೆ ಫೋನ್ ಶುರುವಾಗುತ್ತದೆ. "ಮುಂದೆ ಹೋಗ್ತಾ ಇಲ್ಲ", "ಉಬ್ತಾ ಇಲ್ಲ", "ಏನೂ ಕಾಣ್ತಿಲ್ಲ". ಮಳೆಗಾಲದಲ್ಲಂತೂ ಜಾಸ್ತಿ. ಆ ಫೋನುಗಳಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ತಾವೇ ಮಾದರಿ ಮಾಡಿಕೊಳ್ಳಲು ಹೊರಟವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಮಾದರಿಯಲ್ಲಿರುವ ತಪ್ಪನ್ನು ಕಲಿಯುವವರ ಕೈ ಸರಿ ಅಂತಲೇ ಕಲಿಯುತ್ತದೆ. ಗಟ್ಟಿ ಒತ್ತಿದರೆ ಮಾತ್ರ ಸ್ಕೋಪ್ ದಾಟುವ ಮಾದರಿಯಲ್ಲಿ ಹತ್ತು ದಿನ ಅಭ್ಯಾಸ ಮಾಡಿದವರು ಹನ್ನೊಂದನೆಯ ದಿನ ನಿಜವಾದ ಗಂಟಲಲ್ಲೂ ಹಾಗೇ ಒತ್ತುತ್ತಾರೆ. ಅದಕ್ಕೇ "ಹೇಗೋ ನಡೀತದೆ" ಅಂತ ಬಿಡಬೇಡಿ.

ಮಾದರಿ ಹೇಗೆ ತಯಾರಾಗುತ್ತದೆ ಅಂತ ಗೊತ್ತಿದ್ದರೆ ದೋಷ ಬೇಗ ಸಿಗುತ್ತದೆ. ನಮ್ಮ ಜೊತೆ ಒಬ್ಬ ಹಿರಿಯ ಗುಡಿಗಾರರು ಇದ್ದಾರೆ. ಗಂಧದ ಕೆತ್ತನೆ, ಬೆಂಡಿನ ಬಾಸಿಂಗ ಮಾಡಿ ಪಳಗಿದ ಕೈ. ಜಠರದ ಒಳಗಿನ ಆಕಾರವನ್ನು ಅವರು ಮೊದಲು ಮಣ್ಣಿನಲ್ಲಿ ಮಾಡುತ್ತಾರೆ. ಅದರಿಂದ ಎರಡು ಹೋಳಿನ ಪ್ಲಾಸ್ಟರ್ ಅಚ್ಚು, ಆ ಅಚ್ಚಿನಿಂದ ಮೇಣದ ಜಠರ. ಮೇಣದ ಮೇಲೆ ಸಿಲಿಕೋನನ್ನು ಬ್ರಶ್ಶಿನಿಂದ ತೆಳ್ಳಗೆ ಪದರ ಪದರವಾಗಿ ಹಚ್ಚುತ್ತೇವೆ, ಬಿಸಿ ಮಡಕೆಯ ಮೇಲೆ ತೊಡದೇವು (ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ) ಎಳೆಯುತ್ತಾರಲ್ಲ, ಹಾಗೆ. ಸಿಲಿಕೋನ್ ಗಟ್ಟಿಯಾದ ಮೇಲೆ ಬಿಸಿನೀರಿನಲ್ಲಿಟ್ಟು ಮೇಣ ಕರಗಿಸಿ ತೆಗೆದರೆ ಒಳಗೆ ಟೊಳ್ಳು ಜಠರ ಉಳಿಯುತ್ತದೆ. ಹಾಗಾಗಿ ಮೇಣದ ಮೇಲಿದ್ದ ಪ್ರತಿ ಗೀರೂ ಒಳಗೋಡೆಯ ಮೇಲೆ ಇರುತ್ತದೆ.

## ಮೊದಲ ಐದು ನಿಮಿಷ: ಮಾದರಿಯೋ, ಸ್ಕೋಪೋ, ಕೈಯೋ?

ಮಾದರಿಗೆ ಕೈ ಹಾಕುವ ಮುಂಚೆ ಸ್ಕೋಪನ್ನು ಹೊರಗೆ ತೆಗೆದು ಟೇಬಲ್ ಮೇಲೆ ನೇರ ಮಲಗಿಸಿ. ಒಂದು ಲೋಟ ನೀರು, ಒಂದು ಬಿಳಿ ಬಟ್ಟೆ, ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಸಾಕು.

ತುದಿಯನ್ನು ಬಿಳಿ ಬಟ್ಟೆಗೆ ಹಿಡಿಯಿರಿ. ಎಳೆ ಎಳೆ ಸ್ಪಷ್ಟ ಕಾಣಬೇಕು. ಆಮೇಲೆ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ, ಗಾಳಿ ಗುಂಡಿಯ ಮೇಲಿನ ತೂತನ್ನು ಬೆರಳಿನಿಂದ ಮುಚ್ಚಿ. ಗುಳ್ಳೆ ಒಂದೇ ಸಮ ಏಳಬೇಕು. ಕೊನೆಗೆ ಹಿಡಿಕೆಯ ಮೇಲಿನ ಚಕ್ರ ತಿರುಗಿಸಿ ತುದಿ ಎಷ್ಟು ಬಾಗುತ್ತದೆ ಅಂತ ಅಳೆಯಿರಿ. ಸಾಮಾನ್ಯ ಗ್ಯಾಸ್ಟ್ರೋಸ್ಕೋಪ್ (ಜಠರ ನೋಡುವ ಸ್ಕೋಪ್) ಮೇಲಕ್ಕೆ 210 ಡಿಗ್ರಿ, ಕೆಳಕ್ಕೆ 90, ಎಡಕ್ಕೂ ಬಲಕ್ಕೂ 100 ಡಿಗ್ರಿ ಬಾಗುತ್ತದೆ. ಅಭ್ಯಾಸಕ್ಕೆ ಅಂತ ಕೊಡುವುದು ಹೆಚ್ಚಾಗಿ ಹಳೆಯ ಸ್ಕೋಪ್. ಅದರೊಳಗಿನ ತಂತಿ ಸಡಿಲವಾಗಿ ಮೇಲಕ್ಕೆ 150 ಡಿಗ್ರಿಗೇ ನಿಂತುಬಿಟ್ಟಿರಬಹುದು.

ಈ ಮೂರೂ ಸರಿ ಇದ್ದರೆ ಸ್ಕೋಪ್ ಮೇಲೆ ಅನುಮಾನ ಬೇಡ. ಮುಂದೆ ಅನುಭವ ಇರುವ ವೈದ್ಯರ ಕೈಗೆ ಕೊಟ್ಟು ನೋಡಿ. ಅವರಿಗೆ ಸಲೀಸಾಗಿ ಹೋದರೆ ಮಾದರಿಯೂ ಸರಿ ಇದೆ, ಕಲಿಯುವವರಿಗೆ ಇನ್ನಷ್ಟು ಅಭ್ಯಾಸ ಬೇಕು ಅಷ್ಟೇ. ಅವರೂ "ಏನೋ ಸರಿ ಇಲ್ಲ" ಅಂದರೆ ಮುಂದಕ್ಕೆ ಓದಿ.

## ಪರದೆ ತುಂಬ ಬರೀ ಕೆಂಪು, ಅಥವಾ ಬರೀ ಬಿಳಿ

ಬರೀ ಕೆಂಪು ಕಂಡರೆ ತುದಿ ಗೋಡೆಗೆ ಒತ್ತಿಕೊಂಡಿದೆ ಅಂತ ಅರ್ಥ. ನಿಜವಾದ ರೋಗಿಯಲ್ಲೂ ಹೀಗೇ ಆಗುತ್ತದೆ, ಇದು ದೋಷವೇ ಅಲ್ಲ. ಸ್ಕೋಪನ್ನು ಎರಡು ಸೆಂ.ಮೀ. ಹಿಂದಕ್ಕೆ ಎಳೆಯಿರಿ, ಸ್ವಲ್ಪ ಗಾಳಿ ಬಿಡಿ, ದಾರಿ ಕಾಣುತ್ತದೆ. ಹಿಂದಕ್ಕೆ ಎಳೆದರೂ ಕೆಂಪೇ ಇದ್ದರೆ ಜಠರ ಉಬ್ಬಿಲ್ಲ. ಗಾಳಿಯ ಭಾಗ ನೋಡಿ.

ಕಣ್ಣು ಕೋರೈಸುವ ಬಿಳುಪು ಇದ್ದರೆ ಗೋಡೆಯ ಬಣ್ಣ ತೀರಾ ತಿಳಿಯಾಗಿದೆ, ಇಲ್ಲವೇ ಹೊಳಪು ಜಾಸ್ತಿ ಇದೆ. ಮೊದಲು ಲೈಟ್ ಸೋರ್ಸಿನ ಬೆಳಕು ಇಳಿಸಿ ನೋಡಿ, ಖರ್ಚಿಲ್ಲದ ಕೆಲಸ. ಅದಕ್ಕೆ ಬಗ್ಗದಿದ್ದರೆ ಮುಂದಿನ ಮಾದರಿಯಲ್ಲಿ ಬಣ್ಣ ತಿದ್ದಬೇಕು. ಅನ್ನನಾಳ ಮಾಸಲು ಗುಲಾಬಿ, ಜಠರ ಕೇಸರಿ ಕಡೆಗೆ ತಿರುಗಿದ ಕೆಂಪು. ಎರಡೂ ಸೇರುವ ಜಾಗದಲ್ಲಿ ಬಣ್ಣ ಬದಲಾಗುವ ಗೆರೆ ಎದ್ದು ಕಾಣಬೇಕು. ಎಲ್ಲಿದ್ದೇನೆ ಅಂತ ಕಲಿಯುವವರಿಗೆ ತಿಳಿಯುವುದು ಆ ಗೆರೆಯಿಂದಲೇ.

ಒಳಗೆಲ್ಲ ಒಂದು ಥರಾ ಗುಲಾಬಿ ಬೆಳಕು ಹರಡಿಕೊಂಡು ಮಡಿಕೆಗಳ ನೆರಳೇ ಕಾಣದಿದ್ದರೆ ಕೋಣೆಯ ಟ್ಯೂಬ್‌ಲೈಟ್ ತೆಳು ಗೋಡೆಯ ಮೂಲಕ ಒಳಗೆ ಬರುತ್ತಿದೆ. ಮಾದರಿಯ ಮೇಲೆ ಕಪ್ಪು ಬಟ್ಟೆ ಹೊದಿಸಿ. ಅಷ್ಟೇ.

ಮಂಜು ಕವಿದಂತೆ ಕಂಡರೆ ಮಾತ್ರ ಹುಷಾರು. ಕಾರವಾರದಂಥ ಊರಲ್ಲಿ ಏಸಿ ಕೋಣೆಯಲ್ಲಿದ್ದ ಸ್ಕೋಪನ್ನು ಹೊರಗಿನ ಸೆಖೆಗೆ ತಂದ ಕೂಡಲೇ ಗಾಜಿನ ಮೇಲೆ ನೀರಿನ ಪಸೆ ಕೂರುತ್ತದೆ, ಕನ್ನಡಕಕ್ಕೆ ಆಗುವಂತೆಯೇ. ಮೆತ್ತನೆ ಬಟ್ಟೆಯಿಂದ ತುದಿ ಒರೆಸಿ, ಹತ್ತು ನಿಮಿಷ ಬಿಡಿ. ಹೋದರೆ ಮಂಜು ಹೊರಗಿನದು, ಚಿಂತೆ ಇಲ್ಲ. ಒರೆಸಿದರೂ, ಕಾದರೂ ಹೋಗದಿದ್ದರೆ ಮಂಜು ಗಾಜಿನ ಒಳಗಿದೆ. ಸ್ಕೋಪಿಗೆ ನೀರು ನುಗ್ಗಿರಬಹುದು. ಅಲ್ಲಿಗೇ ನಿಲ್ಲಿಸಿ, ಆಫ್ ಮಾಡಿ, ಸ್ಕೋಪ್ ರಿಪೇರಿಯವರಿಗೆ ಕಳಿಸಿ. ಒಣಗಲಿ ಅಂತ ಹೇರ್ ಡ್ರೈಯರ್ ಹಿಡಿಯಬೇಡಿ.

## ಸ್ಕೋಪ್ ಸಿಕ್ಕಿಕೊಳ್ಳುತ್ತದೆ

ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ: ಎಷ್ಟು ಸೆಂಟಿಮೀಟರಿಗೆ ಸಿಕ್ಕಿತು? ಸ್ಕೋಪಿನ ಮೈಮೇಲೆ ಗುರುತು ಇರುತ್ತದೆ. ಬಾಯಿ ಹತ್ತಿರ ಯಾವ ಅಂಕಿ ಇದೆ ಅಂತ ಓದಿ. ದೊಡ್ಡವರಲ್ಲಿ ಮುಂದಿನ ಹಲ್ಲಿನಿಂದ ಅನ್ನನಾಳದ ಬಾಯಿಗೆ ಸುಮಾರು 15 ಸೆಂ.ಮೀ., ಜಠರದ ಬಾಯಿಗೆ ಸುಮಾರು 40. ನಿಮ್ಮ ಮಾದರಿಯೂ ಈ ಅಳತೆಗೇ ಇರಬೇಕು. ಇಲ್ಲದಿದ್ದರೆ ಕಲಿಯುವವರು ಅಂಕಿ ನಂಬುವುದನ್ನೇ ಬಿಟ್ಟುಬಿಡುತ್ತಾರೆ.

15ರ ಹತ್ತಿರ ಸಿಕ್ಕಿಕೊಂಡರೆ ತುದಿ ನಡು ದಾರಿ ಬಿಟ್ಟು ಗಂಟಲಿನ ಪಕ್ಕದ ಗುಳಿಗೆ ಹೋಗಿದೆ. ಇದು ಮಾದರಿಯ ತಪ್ಪಲ್ಲ, ಮಾದರಿ ಸರಿಯಾಗಿ ಪಾಠ ಹೇಳುತ್ತಿದೆ. ರೋಗಿಯಲ್ಲಿ ಅಲ್ಲಿ ಒತ್ತಿದರೆ ಗೋಡೆ ತೂತಾಗುವ ಅಪಾಯ ಇದೆ. ಹಿಂದಕ್ಕೆ ಎಳೆದು, ನಡುವಿಗೆ ತಂದು, ಮೆಲ್ಲಗೆ ಮತ್ತೆ ಹೋಗಬೇಕು. ರೋಗಿ ಆದರೆ ನುಂಗುತ್ತಾರೆ, ಅನ್ನನಾಳದ ಬಾಯಿ ತೆರೆದುಕೊಳ್ಳುತ್ತದೆ. ನಮ್ಮ ಮಾದರಿ ನುಂಗುವುದಿಲ್ಲ. ಹಾಗಾಗಿ ಆ ಜಾಗದ ಉಂಗುರವನ್ನು ಗೋಡೆಗಿಂತ ಮೆತ್ತನೆಯ ಸಿಲಿಕೋನಿನಲ್ಲಿ ಮಾಡುತ್ತೇವೆ.

ಯಾರು ಹಾಕಿದರೂ ಒಂದೇ ಅಂಕಿಗೆ ಸಿಕ್ಕಿಕೊಂಡರೆ ಅಲ್ಲಿ ಅಂಚು ಎದ್ದಿದೆ. ಎರಡು ತುಂಡು ಜೋಡಿಸಿದ ಜಾಗ ಇರಬಹುದು, ಗೋಡೆ ಮಡಚಿಕೊಂಡಿರಬಹುದು. ಹೊರಗಿನಿಂದ ಬೆರಳಲ್ಲಿ ಸವರಿ ನೋಡಿ, ಸಿಗುತ್ತದೆ.

ಸಲಕ್ಕೊಂದು ಜಾಗದಲ್ಲಿ ಸಿಕ್ಕಿಕೊಂಡರೆ, ಹೊರಗೆ ಎಳೆಯುವಾಗಲೂ ಅಷ್ಟೇ ಬಿಗಿ ಇದ್ದರೆ, ಅದು ಬರೀ ಜಾರಿಕೆಯ ಸಮಸ್ಯೆ. ಒಣ ಸಿಲಿಕೋನ್ ಸ್ಕೋಪನ್ನು ಹಿಡಿದುಕೊಳ್ಳುತ್ತದೆ. ನೀರಿನಲ್ಲಿ ಕರಗುವ ಜೆಲ್ಲಿ ಹಚ್ಚಿ. ಅದಿಲ್ಲದಿದ್ದರೆ ಪಾತ್ರೆ ತೊಳೆಯುವ ದ್ರವ ಸೋಪನ್ನು ನೀರಿಗೆ ಬೆರೆಸಿ ಒಳಗೆ ಸುರಿದು ಒಮ್ಮೆ ಅಲ್ಲಾಡಿಸಿ.

ತೆಂಗಿನೆಣ್ಣೆ ಬೇಡ. ನಮ್ಮ ಕಡೆ ಹಲಸಿನ ಹಣ್ಣು ಕೊಯ್ಯುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಅಭ್ಯಾಸ, ಅಂಟು ಅಂದ ಕೂಡಲೇ ಕೈ ಎಣ್ಣೆ ಬಾಟಲಿಗೇ ಹೋಗುತ್ತದೆ. ಎಣ್ಣೆ ಗೋಡೆಯ ಸಂದಿನಲ್ಲಿ ಉಳಿದು ಕನಕಲು ವಾಸನೆ ಬರುತ್ತದೆ. ಅದಕ್ಕಿಂತ ಮುಖ್ಯ, ಎಣ್ಣೆ ಮತ್ತು ವ್ಯಾಸಲಿನ್ ಸ್ಕೋಪಿನ ತುದಿಯ ರಬ್ಬರಿಗೆ ಒಳ್ಳೆಯದಲ್ಲ. ಸಿಲಿಕೋನ್ ಎಣ್ಣೆಯೂ ಬೇಡ. ಸಿಲಿಕೋನ್ ಗೋಡೆ ಅದನ್ನು ಹೀರಿ ಉಬ್ಬುತ್ತದೆ, ಆಮೇಲೆ ಬೇಗ ಹರಿಯುತ್ತದೆ.

## ಗಾಳಿ ಬಿಟ್ಟರೂ ಜಠರ ಉಬ್ಬುವುದಿಲ್ಲ

ಸುಮ್ನೆ ಮಾದರಿ ಬಿಚ್ಚಬೇಡಿ. ಗಾಳಿ ಪಂಪ್ ಆನ್ ಇದೆಯಾ? ನೀರಿನ ಬಾಟಲಿಯ ಮುಚ್ಚಳ ಬಿಗಿ ಇದೆಯಾ? ಲೋಟದ ನೀರಿನಲ್ಲಿ ಗುಳ್ಳೆ ಬಂದಿತ್ತಾ? ಅರ್ಧ ದೂರು ಇಲ್ಲೇ ಮುಗಿಯುತ್ತದೆ.

ಗಾಳಿ ಬಾಯಿ ಕಡೆಯಿಂದ ಬುಸ್ ಅಂತ ವಾಪಸ್ ಬರುತ್ತಿದ್ದರೆ ಅನ್ನನಾಳದ ಮೇಲಿನ ಉಂಗುರ ಸಡಿಲವಾಗಿದೆ. ಅದೂ ಇಲ್ಲದಿದ್ದರೆ ಎಲ್ಲೋ ತೂತಿದೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ದಾರಿಯೇ ಇದಕ್ಕೂ. ಡ್ಯುಯೊಡಿನಂ ಕಡೆ ತುದಿಯನ್ನು ಕ್ಲಿಪ್ ಹಾಕಿ ಮುಚ್ಚಿ, ಬಾಯಿ ಕಡೆಗೆ ಬಿಪಿ ನೋಡುವ ಯಂತ್ರದ ರಬ್ಬರ್ ಬಲ್ಬ್ ಸಿಕ್ಕಿಸಿ, ಮೆಲ್ಲಗೆ ಒತ್ತುತ್ತಾ ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಎದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಿ.

ಶೆಡ್ಡಿನ ಕಂಪ್ರೆಸರಿನಿಂದ ಮಾತ್ರ ಗಾಳಿ ಕೊಡಬೇಡಿ. ಮಾದರಿ ಸಿಡಿಯುತ್ತದೆ, ಸಿಡಿದ ಚೂರು ಕಣ್ಣಿಗೆ ಹೊಡೆಯಬಹುದು.

ಇದರ ಉಲ್ಟಾ ದೋಷವೂ ಇದೆ. ಎರಡೂ ಕಡೆ ತೀರಾ ಬಿಗಿ ಇದ್ದರೆ ಜಠರ ಬಲೂನಿನಂತೆ ಉಬ್ಬಿ ಮಡಿಕೆಗಳೆಲ್ಲ ಅಳಿಸಿಹೋಗುತ್ತವೆ. ಡ್ಯುಯೊಡಿನಂ ಕೊನೆಗೆ ಸಣ್ಣ ತೂತಿನ ಬಿರಡೆ ಹಾಕಿ, ಸ್ವಲ್ಪ ಸ್ವಲ್ಪವೇ ಗಾಳಿ ಹೊರಗೆ ಹೋಗಲಿ.

## ಹೊರಗೆ ಎಳೆದರೆ ಸ್ಕೋಪ್ ಸುಮ್ನೆ ಹೊರಗೇ ಬರುತ್ತದೆ

ಈ ದೂರನ್ನು ಕಲಿಯುವವರು ಹೇಳುವುದಿಲ್ಲ, ಕಲಿಸುವ ವೈದ್ಯರು ಹೇಳುತ್ತಾರೆ. ನಾವು ಅತಿ ಜಾಸ್ತಿ ದಿನ ತಲೆ ಕೆಡಿಸಿಕೊಂಡ ದೋಷ ಇದೇ.

ನಿಜವಾದ ದೇಹದಲ್ಲಿ ಏನಾಗುತ್ತದೆ ನೋಡಿ. ಸ್ಕೋಪನ್ನು ಒಳಗೆ ತಳ್ಳುತ್ತಾ ಹೋದರೆ ಅದು ಜಠರದ ದೊಡ್ಡ ಬಾಗಿನ ಉದ್ದಕ್ಕೂ ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಹಾಗೆ ಬಾಗಿಕೊಂಡೇ ತುದಿ ಜಠರದ ಕೊನೆಯ ಬಾಗಿಲಾದ ಪೈಲೋರಸ್ ದಾಟಿ ಡ್ಯುಯೊಡಿನಂಗೆ ಇಣುಕುತ್ತದೆ. ಈಗ ಇನ್ನೂ ತಳ್ಳಿದರೆ ಬಿಲ್ಲು ಮತ್ತಷ್ಟು ಬಾಗುತ್ತದೆ, ತುದಿ ಮುಂದೆ ಹೋಗುವುದಿಲ್ಲ. ಚಕ್ರ ತಿರುಗಿಸಿ, ಸ್ಕೋಪನ್ನು ಬಲಕ್ಕೆ ಹೊರಳಿಸಿ, ಹೊರಗೆ ಎಳೆಯಬೇಕು. ಎಳೆದಾಗ ಬಿಲ್ಲು ನೇರವಾಗುತ್ತದೆ, ಆಗ ತುದಿ ಡ್ಯುಯೊಡಿನಂನ ಎರಡನೆಯ ಭಾಗಕ್ಕೆ ತಾನೇ ಜಾರುತ್ತದೆ. ಹೊರಗೆ ಎಳೆದರೆ ಒಳಗೆ ಹೋಗುವ ಈ ಒಂದು ಹೆಜ್ಜೆಯಲ್ಲಿ ಹೊಸಬರ ಕೈ ಗಲಿಬಿಲಿ ಆಗುತ್ತದೆ. ಅದನ್ನು ಕಲಿಸದ ಮಾದರಿ ಇದ್ದೇನು ಪ್ರಯೋಜನ, ಅಲ್ವಾ?

ನಮ್ಮ ಮೊದಲ ಮಾದರಿಯಲ್ಲಿ ಇದು ಆಗಲೇ ಇಲ್ಲ. ಎಳೆದಷ್ಟೂ ತುದಿ ಹೊರಗೇ ಬರುತ್ತಿತ್ತು. ಸಿಲಿಕೋನ್ ಮೆತ್ತಗೆ ಮಾಡಿದೆವು, ಜೆಲ್ಲಿ ಬದಲಾಯಿಸಿದೆವು. ಏನೂ ಆಗಲಿಲ್ಲ. ಒಂದು ದಿನ ಗುಡಿಗಾರರು ಮಾದರಿ ಇಟ್ಟಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ನೋಡುತ್ತಾ ಕೂತರು. ಜಠರದ ಸುತ್ತ ನಾವು ಸ್ಪಂಜು ಗಿಡಿದು ತುಂಬಿದ್ದೆವು, ಅದು ಕುಸಿಯಬಾರದು ಅಂತ.

"ತಮಾ, ಇದರ ಕೈಕಾಲು ಕಟ್ಟಿಹಾಕಿ ಕುಣಿ ಅಂದ್ರೆ ಹ್ಯಾಂಗೆ ಕುಣೀತದೆ?" ಅಂದರು.

ಅಷ್ಟೇ ವಿಷಯ. ದೇಹದಲ್ಲಿ ಅನ್ನನಾಳ ವಪೆಯನ್ನು (ಎದೆ, ಹೊಟ್ಟೆಯ ನಡುವಿನ ಪರದೆ) ದಾಟುವ ಜಾಗದಲ್ಲಿ ಹಿಡಿದಿಟ್ಟಿದೆ. ಡ್ಯುಯೊಡಿನಂನ ಎರಡನೆಯ ಭಾಗ ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡಿದೆ. ನಡುವಿನ ಜಠರ, ಅದರಲ್ಲೂ ದೊಡ್ಡ ಬಾಗು, ಸಡಿಲವಾಗಿ ಅಲ್ಲಾಡುತ್ತದೆ. ನಾವು ಎಲ್ಲವನ್ನೂ ಒಂದೇ ಥರ ಬಿಗಿದುಬಿಟ್ಟಿದ್ದೆವು. ಸ್ಪಂಜು ತೆಗೆದರೆ ಜಠರ ತನ್ನ ಭಾರಕ್ಕೇ ಜೋತುಬಿದ್ದು ಒಳದಾರಿ ಮುಚ್ಚಿಹೋಗುತ್ತಿತ್ತು. ಕೊನೆಗೆ ಬಂದರಿನಿಂದ ಒಂದು ತುಂಡು ಹಳೆಯ ನೈಲಾನ್ ಬಲೆ ತಂದೆವು. ಚೆನ್ನಾಗಿ ತೊಳೆದು, ತೊಟ್ಟಿಲಿನಂತೆ ಪೆಟ್ಟಿಗೆಯ ನಾಲ್ಕು ಮೂಲೆಗೆ ಕಟ್ಟಿ, ಜಠರವನ್ನು ಅದರಲ್ಲಿ ಮಲಗಿಸಿದೆವು. ಈಗ ಬಲೆ ಭಾರ ಹೊರುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಎರಡು ತುದಿಗೆ ಮಾತ್ರ ಗಟ್ಟಿ ಪಟ್ಟಿ. ಅವತ್ತು ಸಂಜೆ ಪರೀಕ್ಷೆಗೆ ಬಂದ ವೈದ್ಯರು ಸ್ಕೋಪ್ ಎಳೆದಾಗ ತುದಿ ಮುಂದಕ್ಕೆ ಜಾರಿತು. ಅವರು ಇನ್ನೆರಡು ಸಲ ಹಾಗೇ ಮಾಡಿ ನೋಡಿದರು. ನಮಗೆ ಆ ಸಂತೋಷ ಈಗಲೂ ನೆನಪಿದೆ.

ನಿಮ್ಮ ಮಾದರಿಯಲ್ಲಿ ಈ ತೊಂದರೆ ಇದ್ದರೆ ನೋಡುವ ಕ್ರಮ ಹೀಗೆ. ಮೊದಲು ಮುಚ್ಚಳ ತೆಗೆದು ದೊಡ್ಡ ಬಾಗನ್ನು ಬೆರಳಿನಿಂದ ದೂಡಿ. ಸಲೀಸಾಗಿ ಸರಿಯಬೇಕು. ಆಮೇಲೆ ಡ್ಯುಯೊಡಿನಂ ಎಳೆಯಿರಿ, ಅದು ಜಗ್ಗಬಾರದು. ಎರಡೂ ಸರಿ ಇದ್ದೂ ಆಗದಿದ್ದರೆ ಪೈಲೋರಸ್ ಉಂಗುರ ನೋಡಿ. ಅದು ತೀರಾ ಅಗಲವಾಗಿದ್ದರೆ ಎಳೆದ ಕೂಡಲೇ ತುದಿ ಜಾರಿ ಜಠರಕ್ಕೆ ವಾಪಸ್ ಬರುತ್ತದೆ. ಸ್ಕೋಪಿನ ದಪ್ಪ 9ರಿಂದ 10 ಮಿ.ಮೀ. ಇರುತ್ತದೆ. ನಾವು ಉಂಗುರವನ್ನು ಅದಕ್ಕಿಂತ ಒಂದೆರಡು ಮಿ.ಮೀ. ಸಣ್ಣದಾಗಿ, ಆದರೆ ತುಂಬಾ ಮೆತ್ತಗೆ ಇಡುತ್ತೇವೆ.

ಇನ್ನೊಂದು ಸಣ್ಣ ವಿಷಯ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ ಮಾಡುವ ಪರೀಕ್ಷೆ ಇದು. ಮಾದರಿಯನ್ನು ಅಂಗಾತ ಇಟ್ಟುಕೊಂಡು "ತಿರುವು ಸಿಗ್ತಾ ಇಲ್ಲ" ಅನ್ನುವವರು ಬಹಳ. ಪೆಟ್ಟಿಗೆಯನ್ನು ಎಡಕ್ಕೆ ಹೊರಳಿಸಿ. ಒಳಗಿನ ನೀರೂ ಆಗ ಸರಿಯಾದ ಕಡೆ, ಜಠರದ ಮೇಲ್ಭಾಗದ ಗುಮ್ಮಟದಲ್ಲಿ ನಿಲ್ಲುತ್ತದೆ.

## ಹಿಂದಿರುಗಿ ನೋಡಲು ಆಗುವುದಿಲ್ಲ

ತುದಿಯನ್ನು ಪೂರ್ತಿ ಬಾಗಿಸಿ ತಾನು ಬಂದ ದಾರಿಯನ್ನೇ ನೋಡುವುದು ಪರೀಕ್ಷೆಯ ಒಂದು ಹಂತ. ಆಗದಿದ್ದರೆ ಮೊದಲು ಕೋನಮಾಪಕದ ಲೆಕ್ಕ ನೆನಪಿಸಿಕೊಳ್ಳಿ. ಸ್ಕೋಪೇ 150 ಡಿಗ್ರಿಗೆ ನಿಂತರೆ ಮಾದರಿ ಏನು ಮಾಡೀತು? ಸ್ಕೋಪ್ ಸರಿ ಇದ್ದರೆ ಗಾಳಿ ಸಾಲದು. ಗಾಳಿಯೂ ಸರಿ ಇದ್ದರೆ ಜಠರದ ಒಳಗಿನ ಅಗಲ ಕಡಿಮೆ. ಅದನ್ನು ತಿದ್ದಲು ಮಣ್ಣಿನ ಆಕಾರಕ್ಕೇ ವಾಪಸ್ ಹೋಗಬೇಕು.

ತುದಿ ಬಾಗಿರುವಾಗ ಬಯಾಪ್ಸಿ ಇಕ್ಕುಳವನ್ನು (ಪರೀಕ್ಷೆಗೆ ಗೋಡೆಯ ಚೂರು ತೆಗೆಯುವ ಇಕ್ಕುಳ) ಒತ್ತಿ ತೂರಿಸಬೇಡಿ. ಒಳಗಿನ ನಾಳ ಹರಿಯುತ್ತದೆ. ತುದಿ ನೇರ ಮಾಡಿ, ಇಕ್ಕುಳ ಮುಂದೆ ತಂದು, ಆಮೇಲೆ ಬಾಗಿಸಿ.

## ಇಲ್ಲದ ಗಂಟು ಕಾಣುತ್ತದೆ

ಶಿರಸಿಯಲ್ಲಿ ಒಮ್ಮೆ ತರಬೇತಿಗೆ ಮಾದರಿ ಕೊಟ್ಟಿದ್ದೆವು. ಒಬ್ಬ ವಿದ್ಯಾರ್ಥಿನಿ ಜಠರದ ಗೋಡೆಯ ಮೇಲೆ ಉದ್ದದ ಏರು ಕಂಡು, ಬಹಳ ಜಾಗ್ರತೆಯಿಂದ ಇಕ್ಕುಳ ಹಾಕಿ ಚೂರು ತೆಗೆದರು. ಅದು ಪ್ಲಾಸ್ಟರ್ ಅಚ್ಚಿನ ಎರಡು ಹೋಳು ಸೇರುವ ಗೆರೆ. ಅವರು ಮಾಡಿದ್ದು ಸರಿಯಾಗಿಯೇ ಇತ್ತು, ತಪ್ಪು ನಮ್ಮದು. ಮೇಣದ ಮೇಲಿನ ಆ ಗೆರೆಯನ್ನು ಬಿಸಿ ಚಮಚದಿಂದ ಸವರಿ ಅಳಿಸಬೇಕಿತ್ತು.

ನೇರವಾಗಿ, ಜಠರದ ಒಂದು ತುದಿಯಿಂದ ಇನ್ನೊಂದಕ್ಕೆ ಓಡುವ ಏರು ಅಚ್ಚಿನ ಗೆರೆ. ದುಂಡಗಿನ ಸಣ್ಣ ಗುಳಿ ಇದ್ದರೆ ಗಾಳಿಗುಳ್ಳೆ ಒಡೆದ ಗುರುತು. ಮೊದಲ ಪದರವನ್ನು ದಪ್ಪ ಹಚ್ಚಿದಾಗ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ತೆಳ್ಳಗೆ ಹಚ್ಚಿ, ಬ್ರಶ್ಶಿನ ತುದಿಯಿಂದ ಕುಟ್ಟುತ್ತಾ ಹೋಗಿ. ಬಿಳಿ ಚಕ್ಕೆ ತೇಲುತ್ತಿದ್ದರೆ ಅದು ಉಳಿದ ಮೇಣ. ಸಕ್ಷನ್ ಹಾಕಿ ಎಳೆಯಬೇಡಿ, ಸ್ಕೋಪಿನ ನಾಳ ಕಟ್ಟಿಕೊಳ್ಳುತ್ತದೆ. ಸ್ಕೋಪ್ ತೆಗೆದು ಮಾದರಿಯನ್ನು ಮತ್ತೊಮ್ಮೆ ಬಿಸಿನೀರಿನಲ್ಲಿ ಜಾಲಿಸಿ. ಮೇಣ ಕರಗಿಸುವಾಗ ನೇರ ಬೆಂಕಿ ಬೇಡ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟೇ ಕರಗಿಸಿ.

## ಸಿಲಿಕೋನ್ ಗಟ್ಟಿಯಾಗಿಲ್ಲ, ಅಂಟಂಟು ಇದೆ

ಇದು ಸ್ವಂತ ಮಾದರಿ ಮಾಡುವವರಿಗೆ. ಅಂಟು ಎಲ್ಲಿದೆ ಅನ್ನುವುದೇ ಕಾರಣ ಹೇಳುತ್ತದೆ.

ಒಳಗೂ ಹೊರಗೂ ಪೂರ್ತಿ ಮೆತ್ತಗಿದ್ದರೆ ಸಿಲಿಕೋನಿಗೆ ಬೆರೆಸುವ ಎರಡು ಭಾಗಗಳ ಅಳತೆ ತಪ್ಪಿದೆ, ಅಥವಾ ಚಳಿಗೆ ನಿಧಾನ ಆಗಿದೆ. ಡಬ್ಬಿಯ ಮೇಲೆ ಬರೆದ ಸಮಯ ಸಾಮಾನ್ಯವಾಗಿ 23–25 ಡಿಗ್ರಿಯ ಲೆಕ್ಕ. ಡಿಸೆಂಬರಿನಲ್ಲಿ ಘಟ್ಟದ ಮೇಲೆ ರಾತ್ರಿ ಹಚ್ಚಿದ್ದು ಬೆಳಿಗ್ಗೆಗೆ ಆಗದಿದ್ದರೆ ಇನ್ನೊಂದು ದಿನ ಬೆಚ್ಚಗಿನ ಕೋಣೆಯಲ್ಲಿಟ್ಟು ಕಾಯಿರಿ. ಏಪ್ರಿಲ್–ಮೇನಲ್ಲಿ ಕರಾವಳಿಯಲ್ಲಿ ಉಲ್ಟಾ, ಕಲಸಿದ ಕಪ್ಪಿನಲ್ಲೇ ದಪ್ಪಗಾಗುತ್ತದೆ. ಆಗ ಸ್ವಲ್ಪ ಸ್ವಲ್ಪವೇ ಕಲಸಿ, ಬೆಳಗಿನ ತಂಪಿನಲ್ಲಿ ಕೆಲಸ ಮಾಡಿ.

ಅಲ್ಲಲ್ಲಿ ಗೆರೆಗೆರೆಯಾಗಿ ಅಂಟಿದ್ದರೆ ಕಲಸಿದ್ದು ಸಾಲದು. ಕಪ್ಪಿನ ತಳ, ಪಕ್ಕ ಕೆರೆದು ಕಲಸಿ.

ಹೊರಮೈ ಚೆನ್ನಾಗಿ ಗಟ್ಟಿಯಾಗಿ ಮೇಣಕ್ಕೆ ತಾಗಿದ ಮೈ ಮಾತ್ರ ಅಂಟಿದ್ದರೆ ಮೇಣದ ಮೇಲಿನ ಏನೋ ಸಿಲಿಕೋನನ್ನು ಕೆಡಿಸಿದೆ. ಪ್ಲಾಟಿನಂ ಬಗೆಯ (ಪ್ಲಾಟಿನಂ ಸಹಾಯದಿಂದ ಗಟ್ಟಿಯಾಗುವ) ಸಿಲಿಕೋನಿಗೆ ಗಂಧಕ ಆಗಿಬರುವುದಿಲ್ಲ. ಒಮ್ಮೆ ಮೇಣದ ಮೇಲೆ ಬಿದ್ದ ಸಣ್ಣ ತಗ್ಗನ್ನು ಅಂಗಡಿಯಲ್ಲಿ ಸಿಗುವ ಎಣ್ಣೆ ಮಣ್ಣಿನಿಂದ ಮುಚ್ಚಿದೆವು. ಇಡೀ ಜಠರ ಚೆಂದ ಬಂತು, ಆ ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಹಲಸಿನ ಮೇಣದ ಹಾಗೆ ಅಂಟಂಟಾಗೇ ಉಳಿಯಿತು. ಆ ಮಣ್ಣಿನಲ್ಲಿ ಗಂಧಕ ಇತ್ತು. ಲೇಟೆಕ್ಸ್ ಕೈಗವಸು ಹಾಕಿ ಮುಟ್ಟಿದರೂ ಹೀಗೇ ಆಗುತ್ತದೆ, ನೈಟ್ರೈಲ್ ಕೈಗವಸು ಬಳಸಿ. ತ್ರೀಡಿ ಪ್ರಿಂಟರಿನಲ್ಲಿ ಬೆಳಕಿಗೆ ಗಟ್ಟಿಯಾಗುವ ರೆಸಿನ್ನಿನ ಅಚ್ಚು ಕೂಡ ಇದೇ ತೊಂದರೆ ಕೊಡುತ್ತದೆ. ಹೊಸ ವಸ್ತು ಬಳಸುವ ಮುಂಚೆ ಅದರ ಮೇಲೆ ಒಂದು ಚಮಚ ಸಿಲಿಕೋನ್ ಹಾಕಿ ಒಂದು ದಿನ ಬಿಟ್ಟು ನೋಡಿ.

ಅಂಟಾದ ಭಾಗವನ್ನು ಒಣಗಿಸಿ ಸರಿಪಡಿಸಲು ಆಗುವುದಿಲ್ಲ. ಕೆರೆದು ತೆಗೆದು ಮತ್ತೆ ಹಚ್ಚಬೇಕು. ಅಂಟಿರುವ ಮಾದರಿಗೆ ಸ್ಕೋಪ್ ಹಾಕಲೇಬೇಡಿ, ಗಾಜಿನ ಮೇಲೆ ಕೂತರೆ ತೆಗೆಯುವುದು ಕಷ್ಟ.

## ಹರಿದಿದೆ

ಹರಿಯುವುದು ಹೆಚ್ಚಾಗಿ ಗಂಟಲು ಮತ್ತು ಪೈಲೋರಸ್ ಹತ್ತಿರ. ಸಿಲಿಕೋನಿಗೆ ಹಿಡಿಯುವುದು ಸಿಲಿಕೋನ್ ಮಾತ್ರ. ಫೆವಿಕ್ವಿಕ್ ಹಾಕಿದರೆ ಗಟ್ಟಿ ಸಿಪ್ಪೆಯಾಗಿ ಎದ್ದು ಬರುತ್ತದೆ, ಅದು ಸ್ಕೋಪಿನ ಮೈ ಗೀಚುತ್ತದೆ. ಹರಿದ ಅಂಚನ್ನು ಸೋಪಿನಿಂದ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಹತ್ತಿರ ಬೆಂಕಿ ಇರಬಾರದು. ಅದೇ ಬಗೆಯ ಸಿಲಿಕೋನನ್ನು ಹೊರಗಿನಿಂದ ಹಚ್ಚಿ, ಹಿಗ್ಗುವ ಜಾಲರಿ ಬಟ್ಟೆಯ ಚೂರು ಕೂರಿಸಿ, ಮೇಲೆ ಇನ್ನೊಂದು ಪದರ ಕೊಡಿ. ಒಂದೇ ಜಾಗ ಎರಡನೆಯ ಸಲ ಹರಿದರೆ ತೇಪೆ ಬೇಡ. ಅಲ್ಲಿ ಗೋಡೆ ತೆಳುವಾಗಿದೆ. ಬ್ರಶ್ಶಿನಿಂದ ಹಚ್ಚುವಾಗ ಸಿಲಿಕೋನ್ ಕೆಳಕ್ಕೆ ಇಳಿದು ಮೇಲ್ಭಾಗ ತೆಳುವಾಗುತ್ತದೆ, ನಡುನಡುವೆ ತಿರುಗಿಸುತ್ತಾ ಹಚ್ಚಬೇಕು.

## ವಾಸನೆ, ಬೂಷ್ಟು

ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ಊರಲ್ಲಿ ಇದು ಬಂದೇ ಬರುತ್ತದೆ. ಬೂಷ್ಟು ಬೆಳೆಯುವುದು ಸಿಲಿಕೋನಿನ ಮೇಲಲ್ಲ, ತೊಳೆಯದೆ ಬಿಟ್ಟ ಜೆಲ್ಲಿಯ ಮೇಲೆ. ಬಳಸಿದ ದಿನವೇ ಸೋಪು ನೀರಿನಲ್ಲಿ ತೊಳೆದು, ಎರಡೂ ತುದಿ ತೆರೆದು, ಫ್ಯಾನಿನ ಕೆಳಗೆ ತೂಗುಹಾಕಿ. ಒದ್ದೆ ಇರುವಾಗ ಪೆಟ್ಟಿಗೆ ಮುಚ್ಚಬೇಡಿ.

## ಇಲ್ಲಿ ನಿಲ್ಲಿಸಿ

ಸ್ಕೋಪಿನ ಮೈಯಲ್ಲಿ ಗೀರು, ತುದಿಯ ರಬ್ಬರಿನಲ್ಲಿ ಉಬ್ಬು, ಗಾಜಿನೊಳಗೆ ಮಂಜು, ಚಕ್ರ ತಿರುಗಿಸಿದಾಗ ಕಟಕಟ ಸದ್ದು ಕಂಡರೆ ಅಭ್ಯಾಸ ನಿಲ್ಲಿಸಿ. ಲೀಕ್ ಟೆಸ್ಟ್ ಮಾಡಿಸದೆ ಆ ಸ್ಕೋಪನ್ನು ನೀರಿಗೆ ಅದ್ದಬೇಡಿ. ಲೈಟ್ ಸೋರ್ಸಿನಿಂದ ಆಗಷ್ಟೇ ತೆಗೆದ ಪ್ಲಗ್ಗಿನ ತುದಿ ಬಿಸಿ ಇರುತ್ತದೆ, ಬೆರಳು ತಾಗಿಸಬೇಡಿ. ಸಿಲಿಕೋನ್ ಮಾದರಿಯಲ್ಲಿ ಕರೆಂಟ್ ಕೊಟ್ಟು ಸುಡುವ ಉಪಕರಣಗಳನ್ನು ಬಳಸಲೇಬಾರದು.

ಮಾದರಿಯೊಳಗೆ ಹೋದ ಸ್ಕೋಪ್ ನೋಡಲು ಎಷ್ಟೇ ಶುಭ್ರ ಇದ್ದರೂ ರೋಗಿಗೆ ಅಲ್ಲ. ಆಸ್ಪತ್ರೆಯ ಪೂರ್ತಿ ಶುದ್ಧೀಕರಣ ಆಗದೆ ಅದು ವಾಪಸ್ ಹೋಗಬಾರದು. ಅದಕ್ಕಿಂತ ಒಳ್ಳೆಯದು, ಸೇವೆಯಿಂದ ತೆಗೆದ ಒಂದು ಸ್ಕೋಪನ್ನು ಅಭ್ಯಾಸಕ್ಕೇ ಇಟ್ಟುಬಿಡುವುದು. ನಾವು ಮಾದರಿ ಕೊಡುವಾಗ ಜೊತೆಗೆ ಒಂದು ಹಳದಿ ಟೇಪಿನ ಸುರುಳಿ ಕೊಡುತ್ತೇವೆ. ಅಭ್ಯಾಸದ ಸ್ಕೋಪಿನ ಹಿಡಿಕೆಗೆ ಎರಡು ಸುತ್ತು ಸುತ್ತಿ, ಅದರ ಮೇಲೆ "ಅಭ್ಯಾಸಕ್ಕೆ ಮಾತ್ರ" ಅಂತ ಬರೆದು, ರೋಗಿಗಳ ಸ್ಕೋಪ್ ಇಡುವ ಕಪಾಟಿನಲ್ಲಿ ಅಲ್ಲ, ಮಾದರಿಯ ಪೆಟ್ಟಿಗೆಯ ಪಕ್ಕದಲ್ಲೇ ತೂಗುಹಾಕಿ.